ಎತ್ತೋಕಾಗದ ಬೈಕು

ಹೋದ ಶನಿವಾರ ರಾತ್ರಿ ಊಟ ಮುಗಿಸಿ ಕೈ ತೊಳೀತಾ ಇದ್ದೆ, ಅಕ್ಕನ ಮಗನ ಫೋನು. "ಮಾವ, ಬುಕ್ ಮಾಡೋದೊಂದೇ ಬಾಕಿ. ನೀವು ಹೂಂ ಅಂದ್ರೆ ಅಮ್ಮನೂ ಹೂಂ ಅಂತಾಳೆ" ಅಂದ. ಹುಡುಗನಿಗೆ 23 ವರ್ಷ. ಮೊದಲ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದೆ. ತೂಕ 58 ಕೆಜಿ, ಅದೂ ಊಟ ಆದ ಮೇಲೆ. ಅವನು ಕಣ್ಣಿಟ್ಟಿರೋ ಬೈಕಿನ ಸಿಸಿ ಎಷ್ಟು, ಬಿಎಚ್‌ಪಿ ಎಷ್ಟು, ಟಾರ್ಕ್ ಎಷ್ಟು, ಯಾವ ಬಣ್ಣಕ್ಕೆ ಎಷ್ಟು ದುಡ್ಡು ಜಾಸ್ತಿ, ಎಲ್ಲ ಮಗ್ಗಿ ಥರ ಒಪ್ಪಿಸಿದ. ನಾನು ಒಂದೇ ಪ್ರಶ್ನೆ ಕೇಳಿದೆ. "ತೂಕ ಎಷ್ಟೋ?"

ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ, "200ರ ಹತ್ರ ಇರ್ಬೇಕು ಮಾವ. ಆದ್ರೆ ಓಡಿಸೋವಾಗ ಗೊತ್ತಾಗಲ್ಲಂತೆ" ಅಂದ.

ಈ ಮಾತು ನನಗೆ ಹೊಸದಲ್ಲ. ಮೂರು ವರ್ಷದ ಹಿಂದೆ ನನ್ನ ಹೆಂಡತಿಗೆ ನಾನೇ ಇದೇ ಮಾತನ್ನ ಇದೇ ಧಾಟಿಯಲ್ಲಿ ಹೇಳಿದ್ದೆ. ಹಾಗಾಗಿ ಹುಡುಗನಿಗೆ ಆಗಲೇ ಹೂಂ ಅನ್ನೋಕೂ ಆಗಲಿಲ್ಲ, ಬೇಡ ಅನ್ನೋಕೂ ಬಾಯಿ ಬರಲಿಲ್ಲ. "ಎರಡು ದಿನ ತಡಿ ಮಾರಾಯ, ಹೇಳ್ತೀನಿ" ಅಂದೆ. ಅವನಿಗೆ ಹೇಳಬೇಕಾದ್ದನ್ನೇ ಇಲ್ಲಿ ಬರೀತಾ ಇದ್ದೀನಿ. ಬೈಕು ಕೊಳ್ಳೋ ಯೋಚನೆಯಲ್ಲಿರೋ ಬೇರೆ ಯಾರಿಗಾದ್ರೂ ಉಪಯೋಗ ಆದ್ರೆ ಸಂತೋಷ.

ಮೊದಲು ನನ್ನ ಕಥೆ.

ನಮ್ಮೂರು ತೀರ್ಥಹಳ್ಳಿ ಕಡೆ. ನಾನು ಗಾಡಿ ಕಲಿತಿದ್ದು ಅಪ್ಪಯ್ಯನ ಎಂ80ಯಲ್ಲಿ. ಮಲೆನಾಡಿನವರಿಗೆ ಎಂ80 ಪರಿಚಯ ಮಾಡಿಕೊಡೋದು ಬೇಡ. ಪುಟ್ಟ ಗಾಲಿ, ಕೈಯಲ್ಲೇ ಗೇರು, ನೋಡೋಕೆ ಏನೇನೂ ಚಂದ ಇಲ್ಲ. ಆದರೆ ಘಟ್ಟದ ಕೆಳಗಿಂದ ಮೀನು ತರೋರಿಂದ ಹಿಡಿದು ಡೈರಿಗೆ ಹಾಲು ಹಾಕೋರ ತನಕ ಎಲ್ಲರ ಹತ್ರನೂ ಅದೇ. ಗದ್ದೆ ಬದುವಿನ ಮೇಲೆ ಹೋಗ್ತಿತ್ತು, ತೋಟದ ಕಾಲು ಸಂಕ ದಾಟ್ತಿತ್ತು. ಕೆಸರಲ್ಲಿ ಹೂತುಕೊಂಡ್ರೆ ಅಪ್ಪಯ್ಯ ಇಳಿದು, ಹಿಂದಿನ ಕ್ಯಾರಿಯರ್ ಹಿಡಿದು ಎತ್ತಿ ಪಕ್ಕಕ್ಕಿಡ್ತಿದ್ರು. ಮತ್ತೆ ಹತ್ತಿ ಹೋಗೋದು. ಅಷ್ಟೇ.

ಆಮೇಲೆ ಕಾಲೇಜಿನಲ್ಲಿ ಗೆಳೆಯನೊಬ್ಬನ ಯಮಹಾ ಆರ್‌ಎಕ್ಸ್ 100. ಆಮೇಲೆ ಬೆಂಗಳೂರಿಗೆ ಬಂದು ಹದಿನೈದು ವರ್ಷ ಒಂದು ನೂರು ಸಿಸಿ ಬೈಕು. ಆಫೀಸು, ತರಕಾರಿ, ಮಗಳ ಸ್ಕೂಲು ಎಲ್ಲಾ ಅದರಲ್ಲೇ. ಮನಸ್ಸಲ್ಲಿ ಮಾತ್ರ ಒಂದು ದೊಡ್ಡ ಬೈಕು ಯಾವಾಗಲೂ ನಿಂತಿತ್ತು. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಅಂಥದ್ದೊಂದು ಬಂದು ನಿಂತ್ರೆ ನನ್ನ ಬೈಕು ಸೈಕಲ್ ಥರ ಕಾಣಿಸ್ತಿತ್ತು. 45 ತುಂಬಿದ ವರ್ಷ ಸಾಲ ಎಲ್ಲ ತೀರಿ ಕೈಯಲ್ಲಿ ಸ್ವಲ್ಪ ದುಡ್ಡು ನಿಂತಿತು, ತಗೊಂಡೇಬಿಟ್ಟೆ. ಯಾವ ಕಂಪನಿ ಅನ್ನೋದು ಬೇಡ, ಯಾಕಂದ್ರೆ ಮುಂದೆ ಆಗಿದ್ದರಲ್ಲಿ ಬೈಕಿನ ತಪ್ಪೇನೂ ಇಲ್ಲ. ಬೈಕು 200 ಕೆಜಿಗೆ ಹತ್ತಿರ. ಅದರ ಮೇಲೆ ನಾನು ಹಾಕಿಸಿದ್ದು ಕ್ರ್ಯಾಶ್ ಗಾರ್ಡು, ಎರಡೂ ಬದಿಗೆ ಪೆಟ್ಟಿಗೆ, ಅದಕ್ಕೆ ಕಬ್ಬಿಣದ ಚೌಕಟ್ಟು, ಎಕ್ಸ್‌ಟ್ರಾ ಲೈಟು. ಎಲ್ಲ ಸೇರಿ ಇನ್ನೊಂದು 20 ಕೆಜಿ. ನನ್ನ ಹೊಟ್ಟೆಯನ್ನ ಲೆಕ್ಕಕ್ಕೆ ಹಿಡಿದಿಲ್ಲ :)

ಹೆದ್ದಾರಿಯಲ್ಲಿ ಅದರ ಸುಖವೇ ಸುಖ, ಸುಳ್ಳು ಹೇಳಲ್ಲ. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು ದಾಟಿ ಶಿವಮೊಗ್ಗ ಬರೋ ತನಕ ತೂಕ ಅನ್ನೋದು ನೆನಪಿಗೇ ಬರಲಿಲ್ಲ. ಓಡಿಸೋವಾಗ ಗೊತ್ತಾಗಲ್ಲ ಅನ್ನೋದು ಅಲ್ಲಿಯವರೆಗೆ ಪೂರ್ತಿ ನಿಜ.

ಗೊತ್ತಾಗಿದ್ದು ಜುಲೈ ತಿಂಗಳಲ್ಲಿ, ನಮ್ಮನೆ ಉಣುಗೋಲಿನ ಹತ್ರ. ರಸ್ತೆಯಿಂದ ಮನೆಗೆ ಒಂದು ಇಳಿಜಾರು. ಜಂಬಿಟ್ಟಿಗೆ ನೆಲ, ಮಳೆಗಾಲದಲ್ಲಿ ಅದರ ಮೇಲೆ ಪಾಚಿ. ಉಣುಗೋಲು ತೆಗೆಯೋಕೆ ಅಂತ ಇಳಿಜಾರಿನಲ್ಲೇ ನಿಲ್ಲಿಸಿದೆ. ಎಡಗಾಲು ನೆಲಕ್ಕಿಟ್ಟೆ, ಕಾಲು ಜಾರಿತು. ಬೈಕು ವಾಲಿತು. ಒಂದು ಗೇಣು ವಾಲೋ ತನಕ ತಡೆದೆ, ಆಮೇಲೆ ಕೈಯಲ್ಲಿ ಆಗಲಿಲ್ಲ. ಅದು ಮಲಗಿತು, ಅದರಡಿ ನನ್ನ ಎಡಗಾಲು. ಪೆಟ್ಟಿಗೆ ಇದ್ದಿದ್ದರಿಂದ ಕಾಲು ಮುರೀಲಿಲ್ಲ, ಆದರೆ ಎಳೆದುಕೊಳ್ಳೋಕೂ ಆಗಲಿಲ್ಲ. ಸದ್ದು ಕೇಳಿ ಅಪ್ಪಯ್ಯ ಕೊಪ್ಪೆ ಹಾಕ್ಕೊಂಡು ಓಡಿ ಬಂದ್ರು. ಅವರಿಗೆ ಆಗ 74.

"ಅಪ್ಪಯ್ಯ, ನೀವು ಮುಟ್ಟಬೇಡಿ, ಯಾರನ್ನಾದ್ರೂ ಕರೀರಿ" ಅಂತ ಕೂಗಿದೆ. ಮಗ ಗಾಡಿ ಅಡಿಗೆ ಬಿದ್ದಿರೋವಾಗ ಯಾವ ಅಪ್ಪ ಕೇಳ್ತಾರೆ ಹೇಳಿ. ಎಂ80 ಎತ್ತಿ ಅಭ್ಯಾಸ ಇರೋ ಕೈ. ಹಿಂದಿನ ಹಿಡಿಕೆ ಹಿಡಿದು ಒಂದೇ ಸಲಕ್ಕೆ ಎಳೆದ್ರು. ಬೈಕು ನಾಲ್ಕು ಬೆರಳು ಮೇಲೆದ್ದಿತು, ನನ್ನ ಕಾಲು ಹೊರಗೆ ಬಂತು. ಅಪ್ಪಯ್ಯನ ಸೊಂಟ ಹಿಡೀತು.

ಮೂರು ವಾರ ಹಾಸಿಗೆ. ಅಡಿಕೆಗೆ ಎರಡನೇ ಔಷಧಿ ಹೊಡೆಸೋ ಸಮಯ ಅದು. ಆಳು ಗೊತ್ತು ಮಾಡೋರು ಅವರೇ, ಸುಣ್ಣ ತುತ್ತ ಕಲಸೋ ಕಡೆ ನಿಂತು ನೋಡೋರೂ ಅವರೇ. ನಾನು ರಜಾ ಹಾಕಿ ನಿಂತರೂ ಕೊನೆಗೌಡರು ಸಿಗೋ ಹೊತ್ತಿಗೆ ತಡವಾಗಿಬಿಟ್ಟಿತ್ತು. ಕೆಳಗಿನ ತೋಟಕ್ಕೆ ಆ ವರ್ಷ ಕೊಳೆ ಬಂತು. ಅಪ್ಪಯ್ಯ ಬೈಯಲಿಲ್ಲ. ಮಲಗಿದ್ದಲ್ಲಿಂದಲೇ ಒಂದು ದಿನ ಕೇಳಿದ್ರು. "ಅಲ್ಲ ಮಾರಾಯ, ಬಿದ್ರೆ ಎತ್ತಕ್ಕಾಗ್ದೇ ಇರೋದನ್ನ ಎಂತಕ್ಕೆ ತಗಂಡೆ?"

ನನ್ನ ಹತ್ರ ಉತ್ತರ ಇರಲಿಲ್ಲ. ಮೂರು ವರ್ಷದಿಂದ ಹುಡುಕ್ತಾ ಇದ್ದೀನಿ.

ನಾವೆಲ್ಲ ಬೈಕಿನ ತೂಕವನ್ನ ಗತ್ತು ಅಂತ ತಿಳ್ಕೊಂಡಿದ್ದೀವಿ. ನಮ್ಮ ಮಾತೇ ಹಾಗಿದೆ ನೋಡಿ. ದೊಡ್ಡ ಮನುಷ್ಯರನ್ನ ತೂಕದ ಮನುಷ್ಯ ಅಂತೀವಿ. ಬೆಲೆ ಕೊಡದೇ ಮಾತಾಡಿದ್ರೆ ಹಗುರವಾಗಿ ಮಾತಾಡಿದ ಅಂತೀವಿ. ಹಿಂದೆ ಊರಿಗೊಂದು ಬುಲೆಟ್ ಇರ್ತಿತ್ತು, ಅದು ಊರಿನ ಯಜಮಾನರ ಮನೆಯಲ್ಲೇ ಇರ್ತಿತ್ತು. ಅದರ ಡುಗುಡುಗು ಸದ್ದು ಕೇಳಿದ್ರೆ ಮಕ್ಕಳು ರಸ್ತೆಯಿಂದ ಪಕ್ಕಕ್ಕೆ ನಿಲ್ತಿದ್ವಿ. ಅದೇ ನೆನಪು ನಮ್ಮನ್ನ ಇವತ್ತೂ ಶೋರೂಮಿಗೆ ಕರ್ಕೊಂಡು ಹೋಗುತ್ತೆ ಅನ್ನೋದು ನನ್ನ ಅನುಮಾನ. ಗತ್ತು ಬೇಕು, ತಪ್ಪಿಲ್ಲ. ಆದರೆ ಗತ್ತು ಬೇರೆ, ಸವಾರಿಯ ಸುಖ ಬೇರೆ. ಎರಡನ್ನೂ ಕಲಸಿಕೊಂಡ್ರೆ ನನ್ನ ಥರ ಆಗುತ್ತೆ.

ಇನ್ನು ಸ್ವಲ್ಪ ಲೆಕ್ಕ. ಬೇಜಾರು ಮಾಡ್ಕೋಬೇಡಿ, ಹೈಸ್ಕೂಲಿನ ಲೆಕ್ಕ ಸಾಕು.

ನೆಟ್ಟಗೆ ನಿಂತ ಬೈಕಿನ ಭಾರ ಪೂರ್ತಿ ಟಯರುಗಳ ಮೇಲಿರುತ್ತೆ. ಎರಡು ಬೆರಳಲ್ಲಿ ಹಿಡಿದು ನಿಲ್ಲಿಸಬಹುದು. ಶೋರೂಮಿನಲ್ಲಿ ನಾವು ಕೂತು ನೋಡೋದು ಹಾಗೇ, ಸಪಾಟು ಟೈಲ್ಸ್ ನೆಲದ ಮೇಲೆ, ನೆಟ್ಟಗೆ. ಅದಕ್ಕೇ ಅಲ್ಲಿ ತೂಕ ಗೊತ್ತಾಗೋದಿಲ್ಲ. ವಾಲೋಕೆ ಶುರುವಾದಾಗ ಲೆಕ್ಕ ಬದಲಾಗುತ್ತೆ. 195 ಕೆಜಿ ಬೈಕು 10 ಡಿಗ್ರಿ ವಾಲಿದ್ರೆ, ಅದರ ಭಾರದ ಕೇಂದ್ರದ ಹತ್ರ ತಡೆಯೋಕೆ ಬೇಕಾದ ಬಲ ಸುಮಾರು 34 ಕೆಜಿ. 20 ಡಿಗ್ರಿಗೆ 67. 30 ಡಿಗ್ರಿಗೆ 97. ಹ್ಯಾಂಡಲ್ಲು ಆ ಬಿಂದುವಿಗಿಂತ ಎತ್ತರದಲ್ಲಿರೋದರಿಂದ ಕೈಗೆ ಬೀಳೋದು ಇದಕ್ಕಿಂತ ಕಮ್ಮಿ. ಆದರೂ ಹತ್ತರಿಂದ ಇಪ್ಪತ್ತಕ್ಕೆ ಹೋಗೋಕೆ ಅರ್ಧ ಸೆಕೆಂಡು ಸಾಕು, ಭಾರ ಮಾತ್ರ ಎರಡು ಪಟ್ಟು. ಆರ್‌ಎಕ್ಸ್ 100ರ ತೂಕ ಸುಮಾರು 103 ಕೆಜಿ. ಅದೇ 20 ಡಿಗ್ರಿಗೆ ಅದು 35 ಕೆಜಿ. ನಾನು ಕಾಲೇಜಿನಲ್ಲಿ ಎಷ್ಟು ಸಲ ಅದನ್ನ ವಾಲಿಸಿ ಮತ್ತೆ ನಿಲ್ಲಿಸಿದ್ದೀನೋ ಲೆಕ್ಕ ಇಲ್ಲ. ಅದನ್ನ ನನ್ನ ಸಾಮರ್ಥ್ಯ ಅಂತ ತಿಳ್ಕೊಂಡಿದ್ದೆ, ಅದು ಬೈಕಿನ ಉಪಕಾರ.

ಕೆಲವರು ಶಕ್ತಿ ಮತ್ತು ತೂಕದ ಅನುಪಾತ ಅಂತ ಹೇಳ್ತಾರೆ. ಅದನ್ನೂ ನೋಡೋಣ. ಆರ್‌ಎಕ್ಸ್ 100ಕ್ಕೆ 98 ಸಿಸಿ, 11 ಬಿಎಚ್‌ಪಿ. ಅಂದ್ರೆ ಒಂದು ಬಿಎಚ್‌ಪಿ ಹೊರಬೇಕಾದ್ದು 9.4 ಕೆಜಿ. 2021ರಲ್ಲಿ ಹೊಸ ಎಂಜಿನ್ನಿನೊಂದಿಗೆ ಬಂದ ಕ್ಲಾಸಿಕ್ 350ಕ್ಕೆ 349 ಸಿಸಿ, 20.2 ಬಿಎಚ್‌ಪಿ, 195 ಕೆಜಿ. ಒಂದು ಬಿಎಚ್‌ಪಿಗೆ 9.7 ಕೆಜಿ. ಮೂರೂವರೆ ಪಟ್ಟು ದೊಡ್ಡ ಎಂಜಿನ್ನು, ಲೆಕ್ಕ ಮಾತ್ರ ಹೆಚ್ಚುಕಮ್ಮಿ ಅಲ್ಲಿಗಲ್ಲಿಗೇ! ಆರ್‌ಎಕ್ಸ್ ಅಭಿಮಾನಿಗಳು ಇಲ್ಲಿಗೆ ನಿಲ್ಲಿಸಿ ಚಪ್ಪಾಳೆ ಹೊಡೀತಾರೆ. ಆದರೆ ಬೈಕು ತಾನೇ ತಾನಾಗಿ ಓಡೋದಿಲ್ಲವಲ್ಲ. 70 ಕೆಜಿಯ ಮನುಷ್ಯ ಹತ್ತಿ ಕೂತ ಕೂಡಲೇ ಆರ್‌ಎಕ್ಸ್‌ನದ್ದು 15.7 ಆಗುತ್ತೆ, ಕ್ಲಾಸಿಕ್‌ನದ್ದು 13.1. ದೊಡ್ಡ ಬೈಕು ಗೆದ್ದಿತು. ಹಿಂದೆ ಇನ್ನೊಬ್ಬರು ಕೂತ್ರೆ ಇನ್ನೂ ಜೋರಾಗಿ ಗೆಲ್ಲುತ್ತೆ.

ಹಾಗಾದ್ರೆ ಆರ್‌ಎಕ್ಸ್‌ನಲ್ಲಿ ಸಿಕ್ಕ ಸುಖ ಎಲ್ಲಿಂದ ಬಂತು? ಶಕ್ತಿಯಿಂದ ಅಲ್ಲ ಅಂತಾಯ್ತು. ಟೂ ಸ್ಟ್ರೋಕ್ ಎಂಜಿನ್ನು ಥಟ್ಟನೆ ಎದ್ದೇಳೋದು ಒಂದು ಕಾರಣ ಇರಬಹುದು. ನನ್ನ ಪ್ರಕಾರ ದೊಡ್ಡ ಕಾರಣ ಬೇರೆ. 60 ಕೆಜಿ ಸವಾರ 112 ಕೆಜಿಯ ಸ್ಪ್ಲೆಂಡರ್ ಮೇಲೆ ಕೂತರೆ ಒಟ್ಟು ಭಾರದಲ್ಲಿ ಅವನದು ಮೂರನೇ ಒಂದು ಪಾಲಿಗಿಂತ ಹೆಚ್ಚು. ಅದೇ ಸವಾರ 195 ಕೆಜಿ ಬೈಕಿನ ಮೇಲೆ ಕೂತರೆ ಕಾಲು ಪಾಲೂ ಇಲ್ಲ. ಹಗುರ ಬೈಕಿನ ಮೇಲೆ ಸೊಂಟ ಸ್ವಲ್ಪ ಅಲ್ಲಾಡಿಸಿದ್ರೆ, ಮೊಣಕಾಲು ಒತ್ತಿದ್ರೆ ಬೈಕು ಕೇಳುತ್ತೆ. ಭಾರದ ಬೈಕಿಗೆ ಹ್ಯಾಂಡಲ್ಲು ಹಿಡಿದೇ ಹೇಳಬೇಕು, ಮೊದಲೇ ಹೇಳಬೇಕು.

ಆಗುಂಬೆ ಘಾಟಿ ನೆನಪು ಮಾಡ್ಕೊಳ್ಳಿ. ಹದಿನಾಲ್ಕು ಹಿಮ್ಮುರಿ ತಿರುವು. ಒಂದು ತಿರುವಿನಲ್ಲಿ ಬೈಕು ಎಷ್ಟು ವಾಲಬೇಕು ಅನ್ನೋದು ವೇಗದ ಮೇಲೆ, ತಿರುವಿನ ಅಗಲದ ಮೇಲೆ ನಿಂತಿದೆ. ತೂಕದ ಮೇಲಲ್ಲ! ಒಂದೇ ವೇಗದಲ್ಲಿ ಹೋದ್ರೆ ಎಂ80ಯೂ ಬುಲೆಟ್ಟೂ ಹೆಚ್ಚುಕಮ್ಮಿ ಅಷ್ಟೇ ವಾಲುತ್ತೆ. ಇದು ನನಗೆ ತುಂಬ ತಡವಾಗಿ ಗೊತ್ತಾಗಿದ್ದು. ವ್ಯತ್ಯಾಸ ಇರೋದು ವಾಲಿಸೋದರಲ್ಲಿ ಮತ್ತೆ ಎಬ್ಬಿಸೋದರಲ್ಲಿ. ಎಡಕ್ಕೆ ವಾಲಿದ್ದನ್ನ ಎಬ್ಬಿಸಿ ಬಲಕ್ಕೆ ಮಲಗಿಸಬೇಕು, ಮತ್ತೆ ಎಡಕ್ಕೆ. ಹಗುರ ಬೈಕು ಇದನ್ನ ಆಟದ ಥರ ಮಾಡುತ್ತೆ. ಭಾರದ್ದು ಪ್ರತಿ ಸಲ ಸ್ವಲ್ಪ ಯೋಚನೆ ಮಾಡಿ ಹೂಂ ಅನ್ನುತ್ತೆ. ಅಷ್ಟರಲ್ಲಿ ಎದುರಿಂದ ಬಸ್ಸು ಬಂತು ಅನ್ನಿ, ತಿರುವಿನ ಮಧ್ಯೆ ನಿಂತು ಕಾಲು ಕೊಡಬೇಕಾಗುತ್ತೆ. ಒಂದು ಬದಿ ಏರು, ಒಂದು ಬದಿ ಇಳಿಜಾರು, ಕಾಲಿಗೆ ನೆಲ ಸಿಗಲ್ಲ. ವೇಗ ಹೋದ ತಕ್ಷಣ ಎಲ್ಲ ಭಾರವೂ ವಾಪಸ್ ಬಂದು ನಿಮ್ಮ ಒಂದು ಕಾಲಿನ ಮೇಲೆ ಕೂರುತ್ತೆ.

ಬ್ರೇಕಿನ ಲೆಕ್ಕವೂ ಹೀಗೇ. ಟಯರ್ ಹಿಡಿತ ಸಮ ಇದ್ದರೆ ತೂಕ ಜಾಸ್ತಿ ಅಂತ ನಿಲ್ಲೋ ದೂರ ಜಾಸ್ತಿ ಆಗಬೇಕು ಅಂತೇನಿಲ್ಲ. ಆದರೆ ಬ್ರೇಕು ನುಂಗಬೇಕಾದ ಶಕ್ತಿ ಜಾಸ್ತಿ. ಸವಾರನೂ ಸೇರಿ 265 ಕೆಜಿ ಇರೋದನ್ನ ನಿಲ್ಲಿಸೋಕೆ, ಅದೇ ವೇಗದಲ್ಲಿರೋ 173 ಕೆಜಿಯದ್ದಕ್ಕಿಂತ ಒಂದೂವರೆ ಪಟ್ಟು. ಅದಕ್ಕೇ ಭಾರದ ಬೈಕಿಗೆ ದೊಡ್ಡ ಡಿಸ್ಕು ಬೇಕು, ಅಗಲ ಟಯರು ಬೇಕು, ದಪ್ಪ ಫೋರ್ಕು ಬೇಕು. ಅವೆಲ್ಲ ಮತ್ತೆ ತೂಕ. ಮದುವೆಗೆ ಒಬ್ಬರನ್ನ ಕರೆದ್ರೆ ಅವರ ಜೊತೆ ನಾಲ್ಕು ಜನ ಬಂದ ಹಾಗೆ.

ಈಗ ಇನ್ನೊಂದು ಕಡೆಯದ್ದನ್ನೂ ಹೇಳಲೇಬೇಕು, ಇಲ್ಲಾಂದ್ರೆ ಇದು ಮುದುಕರ ಗೊಣಗಾಟ ಆಗುತ್ತೆ.

ತೂಕ ಬರೀ ಕೆಟ್ಟದ್ದಲ್ಲ. ಅರಸೀಕೆರೆ ದಾಟಿದ ಮೇಲೆ ಬಯಲಲ್ಲಿ ಅಡ್ಡಗಾಳಿ ಬೀಸುತ್ತಲ್ಲ, ಅಲ್ಲಿ ಹಗುರ ಬೈಕು ಗಾಳಿಪಟ. ಎದುರಿಂದ ಲಾರಿ ಹಾದುಹೋದ್ರೆ ಒಂದು ಸಲ ಎದೆ ಧಸಕ್ಕೆನ್ನುತ್ತೆ. ಭಾರದ ಬೈಕು ಅಲ್ಲಿ ರೈಲಿನ ಥರ. ಹಳ್ಳ ಗುಂಡಿಯಲ್ಲೂ ಹಾಗೇ. ಗಾಲಿಗಳಿಗೆ ಹೋಲಿಸಿದ್ರೆ ಮೇಲಿನ ಭಾರ ಹೆಚ್ಚಿದ್ದಷ್ಟೂ ಗಾಲಿ ಕುಣಿದದ್ದು ಸೀಟಿಗೆ ಕಮ್ಮಿ ಗೊತ್ತಾಗುತ್ತೆ. ಹಿಂದೆ ಹೆಂಡತಿ, ಎರಡು ಬ್ಯಾಗು ಅಂತ ಆದ್ರೆ ನೂರು ಕೆಜಿ ಬೈಕಿನ ಸ್ವಭಾವವೇ ಬದಲಾಗುತ್ತೆ, ಇನ್ನೂರು ಕೆಜಿಯದ್ದು ಅಷ್ಟಾಗಿ ಬದಲಾಗಲ್ಲ. ವಾರಕ್ಕೊಂದು ಸಲ 400 ಕಿಲೋಮೀಟರ್ ಹೆದ್ದಾರಿ ಓಡಿಸೋನಿಗೆ ನಾನು ಹಗುರದ್ದು ತಗೋ ಅಂತ ಹೇಳಲ್ಲ.

ಮತ್ತೆ, ಹಳೇ ಬೈಕುಗಳು ಹಗುರ ಇದ್ದಿದ್ದು ಎಲ್ಲ ಜಾಣತನದಿಂದಲೂ ಅಲ್ಲ. 1996ಕ್ಕೆ ನಿಂತುಹೋದ ಆರ್‌ಎಕ್ಸ್ 100ಕ್ಕೆ ಎರಡೂ ಕಡೆ ಡ್ರಮ್ ಬ್ರೇಕು, ಕಡ್ಡಿಯಂಥ ಟಯರು. ಓಡೋದು ಗೊತ್ತಿತ್ತು, ನಿಲ್ಲೋದು ದೇವರ ದಯೆ. ಹೊಗೆಯಂತೂ ಕೇಳಬೇಡಿ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಎಬಿಎಸ್ ಕಡ್ಡಾಯ ಆಯ್ತು. 2020ರ ಏಪ್ರಿಲ್‌ನಿಂದ ಬಿಎಸ್ 6 ಹೊಗೆ ನಿಯಮ ಬಂತು. ಎಬಿಎಸ್ ಯಂತ್ರ, ಹೊಗೆ ಶುದ್ಧ ಮಾಡೋ ಸೈಲೆನ್ಸರು, ಸೆನ್ಸರುಗಳು, ಎಲ್ಲಕ್ಕೂ ತೂಕ ಇದೆ. ಆ ತೂಕ ನನಗೆ ಒಪ್ಪಿಗೆ. ಒದ್ದೆ ರಸ್ತೆಯಲ್ಲಿ ಗಾಲಿ ಲಾಕ್ ಆಗದ ಹಾಗೆ ನೋಡ್ಕೊಳ್ಳೋ ಎರಡು ಕೆಜಿಯನ್ನ ನಾನು ಯಾವತ್ತೂ ಹೊರ್ತೀನಿ. ನನ್ನ ತಕರಾರು ಇರೋದು ನೋಡೋಕೆ ಚಂದ ಅಂತ ನಾವೇ ಹೇರಿಕೊಳ್ಳೋ ತೂಕದ ಮೇಲೆ.

ಇನ್ನೊಂದು. ತೂಕ ಎಷ್ಟು ಅನ್ನೋದಕ್ಕಿಂತ ತೂಕ ಎಲ್ಲಿದೆ ಅನ್ನೋದು ಕೆಲವು ಸಲ ದೊಡ್ಡ ಪ್ರಶ್ನೆ. ಬಿಎಂಡಬ್ಲ್ಯೂ ಆರ್ 1250 ಜಿಎಸ್ 249 ಕೆಜಿ. ಅದನ್ನ ಕಲ್ಲುಮಣ್ಣಿನ ರಸ್ತೆಯಲ್ಲಿ ಕುಣಿಸೋ ಜನ ಇದ್ದಾರೆ. ಅದರ ಎಂಜಿನ್ನಿನ ಸಿಲಿಂಡರುಗಳು ಎರಡು ಪಕ್ಕಕ್ಕೆ ಮಲಗಿರೋದರಿಂದ ಭಾರ ತಗ್ಗಿನಲ್ಲಿದೆ. ಹಾಗೇ ಪೆಟ್ರೋಲು. ಒಂದು ಲೀಟರಿಗೆ ಮುಕ್ಕಾಲು ಕೆಜಿ ಅಂತ ಇಟ್ಕೊಳ್ಳಿ. 17 ಲೀಟರಿನ ಟ್ಯಾಂಕು ತುಂಬಿದ್ರೆ ಹನ್ನೆರಡು ಹದಿಮೂರು ಕೆಜಿ, ಅದೂ ಬೈಕಿನ ನೆತ್ತಿಯ ಮೇಲೆ. ಟ್ಯಾಂಕ್ ತುಂಬಿಸಿದ ದಿನ ಬೈಕು ಯಾಕೋ ಮೊಂಡಾಗಿದೆ ಅನ್ನಿಸಿದ್ರೆ ಅದು ನಿಮ್ಮ ಭ್ರಮೆ ಅಲ್ಲ. ನಾನು ಹಾಕಿಸಿದ್ದ ಪೆಟ್ಟಿಗೆಗಳೂ ಹಾಗೇ, ಹಿಂದೆ, ಎತ್ತರದಲ್ಲಿ.

ಜಗತ್ತಿನಲ್ಲಿ ಅತಿ ಹೆಚ್ಚು ತಯಾರಾದ ಮೋಟಾರು ವಾಹನ ಯಾವುದು ಗೊತ್ತಾ? ಹೋಂಡಾ ಸೂಪರ್ ಕಬ್. 1958ರಲ್ಲಿ ಶುರುವಾಗಿ 2017ರ ಹೊತ್ತಿಗೆ ಹತ್ತು ಕೋಟಿ ದಾಟಿತು. ಯಾರಿಗೂ ಗತ್ತು ತೋರಿಸೋಕಾಗದ, ಯಾರು ಬೇಕಾದ್ರೂ ಎತ್ತಿ ನಿಲ್ಲಿಸಬಹುದಾದ ಪುಟ್ಟ ಗಾಡಿ. ನಮ್ಮ ಹಳ್ಳಿಗಳಲ್ಲಿ ಟಿವಿಎಸ್ ಎಕ್ಸ್‌ಎಲ್ ಇವತ್ತೂ ಓಡ್ತಿರೋದು ಇದೇ ಕಾರಣಕ್ಕೆ. 90 ಕೆಜಿಯ ಒಳಗಿನ ಗಾಡಿ, ತನ್ನಷ್ಟೇ ಭಾರದ ಮೂಟೆ ಹೊತ್ಕೊಂಡು ಹೋಗುತ್ತೆ. ಓಡಿಸೋನು ಅದರ ಯಜಮಾನ, ಅದು ಅವನ ಯಜಮಾನ ಅಲ್ಲ.

ಇಷ್ಟೆಲ್ಲ ಹೇಳಿ ನನ್ನ ಅಭಿಪ್ರಾಯ ಏನಪ್ಪಾ ಅಂದ್ರೆ, ಬೈಕಿಗೆ ಎಷ್ಟು ತೂಕ ಇರಬೇಕು ಅನ್ನೋದನ್ನ ಹೆದ್ದಾರಿ ತೀರ್ಮಾನ ಮಾಡಬಾರದು. ನಿಮ್ಮ ಅಂಗಳ ತೀರ್ಮಾನ ಮಾಡಬೇಕು. ಬೈಕು ದಿನಾ ನಿಲ್ಲೋ ಜಾಗ, ತಿರುಗಿಸಬೇಕಾದ ಜಾಗ, ಬಿದ್ದರೆ ಬೀಳೋ ಜಾಗ. ಹೆದ್ದಾರಿಯಲ್ಲಿ ಎಂಜಿನ್ನು ಭಾರ ಹೊರುತ್ತೆ. ಅಂಗಳದಲ್ಲಿ ಹೊರೋರು ನಾವು. ಬಿದ್ದರೆ ಹೇಗೆ ಅನ್ನೋ ಹೆದರಿಕೆ ಒಂದು ಸಲ ತಲೆಯಲ್ಲಿ ಕೂತರೆ ಸವಾರಿಯ ಸುಖ ಅಲ್ಲಿಗೆ ಮುಗೀತು. ಆ ಜುಲೈ ಆದ ಮೇಲೆ ನಾನು ಮಣ್ಣು ರಸ್ತೆ ಕಂಡರೆ ವಾಪಸ್ ತಿರುಗ್ತಿದ್ದೆ. ವಾಪಸ್ ತಿರುಗಿಸೋಕೂ ಹೆದರಿಕೆ! ಕುಪ್ಪಳಿಗೆ, ಕವಲೇದುರ್ಗಕ್ಕೆ ಅಂತ ಹೊರಟರೆ ಮೊದಲು ಯೋಚನೆ ಬರ್ತಿದ್ದದ್ದು ಗಾಡಿ ನಿಲ್ಲಿಸೋ ಜಾಗ ಸಪಾಟಾಗಿದೆಯಾ ಅಂತ. ಸುತ್ತಾಡೋಕೆ ಅಂತ ತಗೊಂಡ ಬೈಕು ಸುತ್ತಾಟವನ್ನೇ ಕಮ್ಮಿ ಮಾಡ್ತು.

ಅದಕ್ಕೇ ಹುಡುಗನಿಗೆ ಬೇಡ ಅನ್ನಲ್ಲ, ನಾಲ್ಕು ಕೆಲಸ ಮಾಡು ಅಂತೀನಿ.

ಒಂದು, ಶೋರೂಮಿನಲ್ಲಿ ಎಂಜಿನ್ ಆಫ್ ಮಾಡಿ ಬೈಕನ್ನ ತಳ್ಳಿಕೊಂಡು ಒಂದು ಪೂರ್ತಿ ಸುತ್ತು ತಿರುಗಿಸು. ಎಡಕ್ಕೊಂದು ಸಲ, ಬಲಕ್ಕೊಂದು ಸಲ. ಬೆವರು ಬಂತಾ ನೋಡು.

ಎರಡು, ಸ್ವಲ್ಪ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಮೇಲೆ ಕೂತು, ಕಾಲಲ್ಲಿ ಹಿಂದಕ್ಕೆ ತಳ್ಳೋಕಾಗುತ್ತಾ ನೋಡು. ಹತ್ತಕ್ಕೆ ಒಂದರ ಏರು ಅಂದ್ರೂ 195 ಕೆಜಿಗೆ ಸುಮಾರು 20 ಕೆಜಿಯಷ್ಟು ಬಲ ಬೇಕು, ನಿನ್ನ ಮೈ ತೂಕದ್ದು ಬೇರೆ. ಆಗಲ್ಲ ಅಂದ್ರೆ ಇನ್ಮೇಲೆ ಎಲ್ಲಿ ನಿಲ್ಲಿಸಿದ್ರೂ ಹಿಂದು ಮುಂದು ನೋಡೇ ನಿಲ್ಲಿಸಬೇಕು.

ಮೂರು, ಅದೇ ಬೈಕು ಇಟ್ಟುಕೊಂಡಿರೋ ಗೆಳೆಯನನ್ನ ಹುಡುಕಿ, ಹುಲ್ಲಿನ ಮೇಲೆ ಮೆಲ್ಲಗೆ ಮಲಗಿಸಿ ಎತ್ತೋದನ್ನ ಕಲಿ. ಮುಂಬಾಗಿ ಕೈಯಲ್ಲಿ ಎಳೀಬಾರದು, ಅಪ್ಪಯ್ಯ ಮಾಡಿದ ತಪ್ಪು ಅದೇ. ಎಂಜಿನ್ ಆಫ್, ಗೇರ್ ಹಾಕಿರಬೇಕು. ಬಲಕ್ಕೆ ಬಿದ್ದಿದ್ರೆ ಸೈಡ್ ಸ್ಟ್ಯಾಂಡ್ ಮೊದಲೇ ಇಳಿಸಿಡಬೇಕು. ಆಮೇಲೆ ಬೈಕಿಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್ಲು, ಇನ್ನೊಂದು ಕೈಯಲ್ಲಿ ಹಿಂದಿನ ಹಿಡಿಕೆ ಹಿಡಿದು, ಸೊಂಟ ನೆಟ್ಟಗಿಟ್ಟು, ಕಾಲಿನ ಬಲದಲ್ಲಿ ಹಿಂದಕ್ಕೆ ಹೆಜ್ಜೆ ಇಡ್ತಾ ಏಳಬೇಕು. ಇದು ಗೊತ್ತಿದ್ರೆ ಸಣ್ಣ ಮೈಯವರೂ ದೊಡ್ಡ ಬೈಕು ಎತ್ತುತ್ತಾರೆ. ನನಗೆ ಗೊತ್ತಾಗಿದ್ದು ಅಪ್ಪಯ್ಯ ಮಲಗಿದ ಮೇಲೆ.

ನಾಲ್ಕು, ವರ್ಷದಲ್ಲಿ ಎಷ್ಟು ದಿನ ಹೆದ್ದಾರಿ, ಎಷ್ಟು ದಿನ ಸಿಲ್ಕ್ ಬೋರ್ಡು ಅಂತ ಪ್ರಾಮಾಣಿಕವಾಗಿ ಬರ್ಕೋ. ನನ್ನದು ಬರ್ದಾಗ ಹೆದ್ದಾರಿ ಹದಿನೆಂಟು ದಿನ ಬಂತು. ಆ ಹದಿನೆಂಟು ದಿನಕ್ಕೋಸ್ಕರ ಉಳಿದ ದಿನ ಎಲ್ಲ ಭಾರ ಹೊತ್ತಿದ್ದೆ.

ಇಷ್ಟು ಮಾಡಿದ ಮೇಲೂ ಬೇಕು ಅನ್ನಿಸಿದ್ರೆ ತಗೊಳ್ಳಲಿ. ಅಕ್ಕನಿಗೆ ನಾನೇ ಹೇಳ್ತೀನಿ. ಆಸೆ ಅನ್ನೋದಕ್ಕೂ ಒಂದು ಬೆಲೆ ಇದೆ, 45ರ ತನಕ ಕಾದವನಿಗೆ ಅದು ಚೆನ್ನಾಗಿ ಗೊತ್ತು. ಗೊತ್ತಿದ್ದು ತಗೊಳ್ಳಲಿ ಅಂತ ಅಷ್ಟೇ ನಾನು ಹೇಳೋದು.

ನಾನೇನು ಮಾಡ್ದೆ ಅಂತ ಕೇಳ್ತೀರಾ? ಆ ಬೈಕನ್ನ ಹೋದ ವರ್ಷ ಮಾರಿದೆ. ಮಾರೋ ದಿನ ಬೇಜಾರಾಗಿದ್ದು ನಿಜ. 160 ಕೆಜಿ ಒಳಗಿಂದು, ಇನ್ನೂರು ಸಿಸಿಯದ್ದು ಒಂದು ತಗೊಂಡೆ. ಹೆದ್ದಾರಿಯಲ್ಲಿ ಎಲ್ಲರೂ ನನ್ನನ್ನ ದಾಟಿ ಹೋಗ್ತಾರೆ, ಕಡೂರು ಬಯಲಿನಲ್ಲಿ ಗಾಳಿ ಒಂದೆರಡು ಸಲ ಕಪಾಳಕ್ಕೆ ಹೊಡೆಯುತ್ತೆ. ಶಿವಮೊಗ್ಗ ದಾಟಿ ಮಂಡಗದ್ದೆ ಕಡೆ ಕಾಡು ಶುರುವಾದ ಮೇಲೆ ಮಾತ್ರ ನನ್ನ ಮುಖದಲ್ಲಿ ಕಾಲೇಜಿನ ನಗು. ಮಣ್ಣು ರಸ್ತೆ ಕಂಡಲ್ಲಿ ಒಳಗೆ ನುಗ್ತೀನಿ. ಸಿಕ್ಕಿಹಾಕ್ಕೊಂಡ್ರೆ ಇಳಿದು ತಳ್ತೀನಿ. ಎರಡು ಸಲ ಬಿದ್ದೂ ಆಯ್ತು, ಎತ್ತಿ ನಿಲ್ಲಿಸಿದ್ದೂ ನಾನೇ.

ಮೊದಲ ಸಲ ಅದನ್ನ ಊರಿಗೆ ತಗೊಂಡು ಹೋದಾಗ ಅಪ್ಪಯ್ಯ ಏನೂ ಕೇಳಲಿಲ್ಲ. ನಾನು ಬಚ್ಚಲಿಗೆ ಹೋಗಿ ಬರೋದರೊಳಗೆ ಮಳೆ ಹನಿಯೋಕೆ ಶುರುವಾಗಿತ್ತು. ಹೊರಗೆ ಬಂದು ನೋಡಿದ್ರೆ ಅಂಗಳದಲ್ಲಿ ಬೈಕಿಲ್ಲ. ಅಪ್ಪಯ್ಯ ಅದನ್ನ ತಾವೇ ತಳ್ಳಿಕೊಂಡು ಹೋಗಿ ಕೊಟ್ಟಿಗೆ ಮಾಡಿನ ಕೆಳಗೆ ನಿಲ್ಲಿಸಿ, ಸೀಟಿನ ನೀರನ್ನ ಹೆಗಲ ಮೇಲಿನ ಬೈರಾಸಿನಲ್ಲಿ ಒರೆಸ್ತಾ ಇದ್ರು. "ಅಯ್ಯೋ, ಸೊಂಟ ಅಪ್ಪಯ್ಯ!" ಅಂತ ಓಡಿದೆ.

"ಇದು ಅಡ್ಡಿಲ್ಲ" ಅಂದ್ರು.

ಮಲೆನಾಡಿನವರಿಗೆ ಗೊತ್ತು, ನಮ್ಮ ಕಡೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.